ವೈದ್ಯ ವಿದ್ಯಾರ್ಥಿಯ ಉಚ್ಚಾಟನೆಯೂ ವಿದ್ಯಾಸಂಸ್ಥೆಯ ಉತ್ತರವಾದಿತ್ವವೂ

ವೈದ್ಯಕೀಯ ಕಾಲೇಜಿನ ಹಾಜರಿ ಪಟ್ಟಿಯಿಂದ ಒಬ್ಬ ವಿದ್ಯಾರ್ಥಿಯ ಹೆಸರನ್ನು ಹೊಡೆದುಹಾಕುವುದಕ್ಕೆ ಕಚೇರಿಯ ಗುಮಾಸ್ತನಿಗೆ ಅರ್ಧ ನಿಮಿಷ ಸಾಕು. ಆ ಹೆಸರು ಆ ಪಟ್ಟಿಗೆ ಏರುವುದಕ್ಕೆ ಎಷ್ಟು ವರ್ಷ ಹಿಡಿಯಿತೆಂಬುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತಂದೆತಾಯಿಗಳನ್ನು ಕೇಳಬೇಕು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಮಗುವನ್ನು ಮೂಡುಬಿದಿರೆಯಲ್ಲೋ ಮಂಗಳೂರಿನಲ್ಲೋ ಎರಡು ವರ್ಷ ವಸತಿಗೆ ಹಾಕಿ, ಎಲೆಚುಕ್ಕೆ ರೋಗದಿಂದ ಸೊರಗಿದ ಅಡಕೆ ತೋಟದ ಮೇಲೆ ಸಾಲವೆತ್ತಿ, ಅಖಿಲ ಭಾರತದ ಪ್ರವೇಶ ಪರೀಕ್ಷೆಯೆಂಬ ಕಡಿದಾದ ಘಟ್ಟವನ್ನು ಹತ್ತಿಸಿದ ಮೇಲೆ ದೊರೆಯುವ ಸ್ಥಾನವದು. ಅಂಥ ಮನೆಗೆ ಒಂದು ದಿನ ಕಾಲೇಜಿನಿಂದ ನಾಲ್ಕು ಸಾಲಿನ ಕಾಗದ ಬಂದಿತೆಂದು ಭಾವಿಸೋಣ: ‘ನಿಮ್ಮ ಮಗನನ್ನು ಶಿಸ್ತಿನ ಕಾರಣದಿಂದ ಕಾಲೇಜಿನಿಂದ ತೆಗೆದುಹಾಕಲಾಗಿದೆ.’ ಏನು ಶಿಸ್ತು, ಯಾವ ದಿನದ ಕೃತ್ಯ, ವಿಚಾರಣೆ ನಡೆಸಿದವರು ಯಾರು, ಮೇಲೆ ಅರಿಕೆ ಮಾಡಿಕೊಳ್ಳತಕ್ಕದ್ದು ಯಾರಲ್ಲಿ, ಒಂದೂ ಆ ಕಾಗದದಲ್ಲಿಲ್ಲ. ಇಂಥ ಕಾಗದವನ್ನು ಪಡೆದವನು ಏನು ಕೇಳಬಹುದು, ಅದನ್ನು ಬರೆದವನು ಏನು ಹೇಳಲೇಬೇಕು ಎಂಬುದು ಇಂದಿನ ನಮ್ಮ ವಿಚಾರ.

ಇದು ಒಂದೊಂದು ಮನೆಯ ದುಃಖವಷ್ಟೇ ಎಂದು ತಿಳಿಯತಕ್ಕದ್ದಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಗೆ ಬಂದ ಮಂಗನ ಕಾಯಿಲೆಯು ಅಲ್ಲಿಂದೀಚೆಗೆ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ೨೦೧೮-೧೯ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಪಟ್ಟ ಪಾಡನ್ನು ನಮ್ಮ ವಾಚಕರು ಮರೆತಿರಲಾರರು. ಜ್ವರ ಏರಿದ ರೋಗಿಯನ್ನು ಕಾಡಿನ ದಾರಿಯಲ್ಲಿ ಹೊತ್ತು ತಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಸಾಗಿಸುವುದು ಇಲ್ಲಿಯವರಿಗೆ ಹೊಸದಲ್ಲ. ಊರಿನ ಭಾಷೆ ಬಲ್ಲ, ಮಳೆಗಾಲಕ್ಕೆ ಹೆದರದ ವೈದ್ಯನು ಬೇಕಾದರೆ ಅವನು ಇಂಥ ಮನೆಗಳಿಂದಲೇ ಬರಬೇಕಷ್ಟೆ. ಅಂಥವನೊಬ್ಬನನ್ನು ಅರ್ಧ ದಾರಿಯಲ್ಲಿ ಹೊರಕ್ಕೆ ಹಾಕುವಾಗ ಕಾಲೇಜು ಮಲೆನಾಡಿಗೂ ಒಂದು ಲೆಕ್ಕ ಒಪ್ಪಿಸಬೇಕಾಗುತ್ತದೆ.

ಹಾಗೆಂದು ವಿದ್ಯಾರ್ಥಿಯನ್ನು ಹೊರಹಾಕುವ ಅಧಿಕಾರವೇ ಕಾಲೇಜಿಗೆ ಇರಕೂಡದೆಂದು ನಾವು ವಾದಿಸತಕ್ಕವರಲ್ಲ. ೨೦೦೯ರ ಮಾರ್ಚಿ ತಿಂಗಳಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗನೊಬ್ಬನು ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ರ‍್ಯಾಗಿಂಗ್ ಎಂಬ ಈ ದುಷ್ಟ ಪದ್ಧತಿಯನ್ನು ತಡೆಯಲು ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ, ೨೦೨೧ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ನಿಯಮಗಳನ್ನು ಮಾಡಿದವು. ತಪ್ಪಿತಸ್ಥನನ್ನು ಕಾಲೇಜಿನಿಂದಲೇ ತೆಗೆಯಬಹುದೆಂದು ಅವುಗಳಲ್ಲಿ ಸ್ಪಷ್ಟವಾಗಿದೆ. ಅದು ಯುಕ್ತವೇ ಸರಿ. ನಾಳೆ ರೋಗಿಯ ದೇಹವನ್ನು ಮುಟ್ಟತಕ್ಕವನು ಇಂದು ತನ್ನ ಕಿರಿಯನ ದೇಹವನ್ನು ಹಿಂಸಿಸುವನಾದರೆ ಅವನಿಗೆ ಆ ವೃತ್ತಿಯಲ್ಲಿ ಸ್ಥಾನವಿಲ್ಲ. ನಮ್ಮ ತಕರಾರಿರುವುದು ದಂಡನೆಯ ಮೇಲಲ್ಲ, ದಂಡಿಸುವ ಕ್ರಮದ ಮೇಲೆ.

ಈ ಕ್ರಮದ ವಿಷಯದಲ್ಲಿ ದೇಶದ ಕಾಲೇಜುಗಳೆಲ್ಲ ತಮ್ಮ ರಕ್ಷಣೆಗೆ ಮುಂದೊಡ್ಡುವ ತೀರ್ಪೊಂದಿದೆ. ಅದು ವೈದ್ಯಕೀಯ ಕಾಲೇಜಿನದೇ ಪ್ರಕರಣವಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ೧೯೭೨ರ ಜೂನ್ ತಿಂಗಳ ಒಂದು ರಾತ್ರಿ ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ವಿದ್ಯಾರ್ಥಿನಿಯರ ವಸತಿಗೃಹದ ಆವರಣಕ್ಕೆ ನುಗ್ಗಿ ಹೇಳಬಾರದ ರೀತಿಯಲ್ಲಿ ವರ್ತಿಸಿದರು. ಮೂವತ್ತಾರು ವಿದ್ಯಾರ್ಥಿನಿಯರು ಗುಟ್ಟಾಗಿ ಪ್ರಿನ್ಸಿಪಾಲರಿಗೆ ದೂರು ಬರೆದುಕೊಟ್ಟರು. ಪ್ರಿನ್ಸಿಪಾಲರು ಮೂವರು ಅಧ್ಯಾಪಕರ ಸಮಿತಿಯನ್ನು ನೇಮಿಸಿದರು. ಆ ಸಮಿತಿಯು ದೂರು ಕೊಟ್ಟವರ ಹೇಳಿಕೆಗಳನ್ನು ಆಪಾದಿತರ ಬೆನ್ನ ಹಿಂದೆಯೇ ಬರೆದುಕೊಂಡಿತು. ಆಪಾದಿತರ ಭಾವಚಿತ್ರಗಳನ್ನು ಇನ್ನೂ ಇಪ್ಪತ್ತು ಮಂದಿಯ ಭಾವಚಿತ್ರಗಳೊಡನೆ ಬೆರೆಸಿ ಗುರುತು ಹಿಡಿಯಲು ಹೇಳಿತು. ಬಳಿಕ ಆಪಾದಿತರನ್ನು ಒಬ್ಬೊಬ್ಬರಾಗಿ ಕರೆದು ಆಪಾದನೆಯೇನೆಂಬುದನ್ನು ತಿಳಿಸಿ ಅವರ ಉತ್ತರವನ್ನು ಕೇಳಿತು. ಅವರು ತಾವು ಅಲ್ಲಿರಲೇ ಇಲ್ಲವೆಂದರು. ಸಮಿತಿ ನಂಬಲಿಲ್ಲ. ಎರಡು ವರ್ಷಗಳ ಕಾಲ ಅವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಪಾಟ್ನಾ ಹೈಕೋರ್ಟಿನಲ್ಲಿ ಸೋತ ಹುಡುಗರು ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಮೇಲೆ ಸಾಕ್ಷಿ ನುಡಿದವರನ್ನು ತಾವು ಪ್ರಶ್ನಿಸಲು ಅವಕಾಶವೇ ದೊರೆಯಲಿಲ್ಲವೆಂಬುದು ಅವರ ಮುಖ್ಯ ವಾದ. ೧೯೭೩ರಲ್ಲಿ ಆ ವಾದ ಬಿದ್ದುಹೋಯಿತು. ಸಹಜ ನ್ಯಾಯದ ನಿಯಮಗಳು ಎಲ್ಲ ಸಂದರ್ಭಗಳಿಗೂ ಒಂದೇ ಅಚ್ಚಿನವಲ್ಲ, ಅಂಥ ಹುಡುಗರ ಎದುರಿನಲ್ಲಿ ನಿಂತು ಸಾಕ್ಷಿ ಹೇಳೆಂದರೆ ಯಾವ ಹೆಣ್ಣುಮಗಳೂ ಮುಂದೆ ಬರಲಾರಳು ಎಂಬುದು ಕೋರ್ಟಿನ ಅಭಿಪ್ರಾಯದ ಸಾರ.

ಆ ವಿದ್ಯಾರ್ಥಿನಿಯರನ್ನು ಕುರಿತು ಕೋರ್ಟು ತೋರಿದ ಕಾಳಜಿಯನ್ನು ನಾವು ತಲೆಬಾಗಿ ಒಪ್ಪುತ್ತೇವೆ. ಆದರೆ ಅರ್ಧ ಶತಮಾನದಿಂದ ಈ ತೀರ್ಪಿನ ಕೊನೆಯ ಸಾಲನ್ನು ಮಾತ್ರ ಓದಿ ‘ವಿಚಾರಣೆಯ ವಿಧಾನ ನಮ್ಮ ಇಷ್ಟ’ ಎಂದು ತಿಳಿದುಕೊಂಡ ಆಡಳಿತಗಾರರಿಗೆ ನಮ್ಮದೊಂದು ಪ್ರಶ್ನೆ. ರಾಂಚಿಯಲ್ಲಿ ಬರೆಹದ ದೂರು ಇತ್ತು, ನಿಮ್ಮಲ್ಲಿ ಇದೆಯೆ? ಅಲ್ಲಿ ಮೂವರ ಸಮಿತಿ ಇತ್ತು. ನಿಮ್ಮಲ್ಲಿ ಆಪಾದಿಸಿದ ಪ್ರಾಧ್ಯಾಪಕರೇ ನ್ಯಾಯಾಧೀಶರಾಗಿಲ್ಲವೆ? ಅಲ್ಲಿ ತಪ್ಪು ಗುರುತಿಗೆ ನಿರಪರಾಧಿ ಸಿಕ್ಕಿಬೀಳದಂತೆ ಇಪ್ಪತ್ತು ಬೇರೆ ಭಾವಚಿತ್ರಗಳನ್ನು ಬೆರೆಸಿದರು. ನೀವು ಅಂಥ ಒಂದಾದರೂ ಎಚ್ಚರಿಕೆ ವಹಿಸಿದ್ದೀರಾ? ಅಲ್ಲಿ ಆಪಾದನೆಯನ್ನು ತಿಳಿಸಿ ಉತ್ತರ ಕೇಳಿದ ಮೇಲೆ ದಂಡನೆಯಾಯಿತು. ನಿಮ್ಮ ಕಾಗದದಲ್ಲಿ ಆಪಾದನೆಯೇ ಇಲ್ಲವಲ್ಲ? ರಾಂಚಿಯ ತೀರ್ಪು ವಿದ್ಯಾರ್ಥಿಗೆ ಸಲ್ಲತಕ್ಕ ಕನಿಷ್ಠವೆಷ್ಟೆಂಬುದನ್ನು ತೋರಿಸಿತೇ ವಿನಾ, ಆ ಕನಿಷ್ಠವನ್ನೂ ಕೊಡಬೇಡಿರೆಂದು ಯಾರಿಗೂ ಅಪ್ಪಣೆ ಕೊಡಲಿಲ್ಲ. ಭಯಪಟ್ಟ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಮರೆಯ ಹಿಂದೆ, ಯಾರಿಗೂ ಭಯಪಡಬೇಕಾಗಿಲ್ಲದ ಆಡಳಿತ ಮಂಡಲಿ ಬಂದು ಕುಳಿತುಕೊಳ್ಳುವುದು ಶೋಭೆಯಲ್ಲ.

ಕೇಳದೆ ದಂಡಿಸತಕ್ಕದ್ದಲ್ಲವೆಂಬುದನ್ನು ಅದೇ ಕೋರ್ಟು ಇನ್ನೂ ಹಿಂದೆಯೇ ಹೇಳಿತ್ತು. ಉತ್ತರ ಪ್ರದೇಶದ ಮೂವರು ಹುಡುಗರು ೧೯೫೪ರಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದು ತೇರ್ಗಡೆಯಾದರು. ಆಮೇಲೆ, ಉತ್ತರಗಳು ಒಂದನ್ನೊಂದು ಹೋಲುತ್ತವೆಂದು ಪರೀಕ್ಷಾ ಮಂಡಲಿಯು ಫಲಿತಾಂಶವನ್ನು ರದ್ದು ಮಾಡಿ, ಮುಂದಿನ ವರ್ಷದ ಪರೀಕ್ಷೆಗೂ ಕೂಡದಂತೆ ಮಾಡಿತು. ಅವರನ್ನು ಒಂದು ಮಾತು ಕೇಳಲಿಲ್ಲ. ಹುಡುಗನ ಬಾಳನ್ನೇ ಕೆಡಿಸಬಲ್ಲ ಇಂಥ ತೀರ್ಮಾನವನ್ನು ಮಾಡತಕ್ಕವರು ನ್ಯಾಯಾಧೀಶರ ರೀತಿಯಲ್ಲಿ ನಡೆದುಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟು ೧೯೬೨ರಲ್ಲಿ ನಿರ್ಣಯಿಸಿತು. ೧೯೭೦ರಲ್ಲಿ ಅದೇ ಮಂಡಲಿಯದೇ ಇನ್ನೊಂದು ಪ್ರಕರಣ: ಹಾಜರಿ ಕಡಿಮೆಯೆಂದು ಒಬ್ಬ ವಿದ್ಯಾರ್ಥಿನಿಯ ಪರೀಕ್ಷೆಯನ್ನು ನೋಟೀಸಿಲ್ಲದೆ ರದ್ದುಪಡಿಸಿದ್ದರು. ಹಾಜರಿ ಕಡಿಮೆಯೆಂಬುದು ಲೆಕ್ಕದ ಮಾತು, ಅವಳನ್ನು ಕೇಳಿದ್ದರೂ ಫಲ ಒಂದೇ ಆಗುತ್ತಿತ್ತು ಎಂದು ಮಂಡಲಿಯವರು ವಾದಿಸಿದರು. ಕೋರ್ಟು ಒಪ್ಪಲಿಲ್ಲ. ಉತ್ತರವಿಲ್ಲವೆಂದು ಮೊದಲೇ ನಿಶ್ಚಯಿಸಿ ಪ್ರಶ್ನೆಯನ್ನೇ ಕೇಳದಿರುವುದು ನ್ಯಾಯವಾಗುವುದಾದರೂ ಹೇಗೆ! ಆದರೆ ವಾಚಕರು ವರ್ಷಗಳನ್ನು ಗಮನಿಸಬೇಕು. ೧೯೫೪ರ ಪರೀಕ್ಷೆಗೆ ಕೊನೆಯ ಮಾತು ಬಂದುದು ೧೯೬೨ರಲ್ಲಿ. ಹದಿನೆಂಟರ ಹುಡುಗನಿಗೆ ಎಂಟು ವರ್ಷವೆಂದರೆ ಏನು? ನ್ಯಾಯಾಲಯ ಇದೆಯಲ್ಲ ಎಂದು ಸಲಹೆ ಕೊಡುವವರು ಬಹಳ. ಸಾಗರದವನಿಗೆ ಬೆಂಗಳೂರಿನ ಹೈಕೋರ್ಟಿಗೆ ರಾತ್ರಿಯ ರೈಲಾದರೂ ಉಂಟು. ಹೊಸನಗರ, ತೀರ್ಥಹಳ್ಳಿಗಳಿಗೆ ಅದೂ ಇಲ್ಲ. ಆದುದರಿಂದಲೇ ನ್ಯಾಯವು ಮೊದಲು ಕಾಲೇಜಿನ ಒಳಗೆ ದೊರೆಯತಕ್ಕದ್ದೆಂದು ನಾವು ಒತ್ತಿ ಹೇಳುವುದು.

ಇನ್ನೊಂದು ಬಗೆಯ ಉಚ್ಚಾಟನೆಯಿದೆ. ಅದಕ್ಕೆ ಸದ್ದಿಲ್ಲ, ಸಮಿತಿಯಿಲ್ಲ, ದಂಡನೆಯೆಂಬ ಹೆಸರೂ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ೨೦೨೩ರ ನಿಯಮಾವಳಿಯಂತೆ ಎಂಬಿಬಿಎಸ್ ಮೊದಲ ವರ್ಷವನ್ನು ನಾಲ್ಕು ಪ್ರಯತ್ನಗಳೊಳಗೆ ದಾಟದವನು ಮುಂದೆ ಓದುವಂತಿಲ್ಲ. ಪ್ರವೇಶದ ದಿನದಿಂದ ಒಂಬತ್ತು ವರ್ಷಗಳೊಳಗೆ ಇಡೀ ವ್ಯಾಸಂಗ ಮುಗಿಯಬೇಕು. ನಾಲ್ಕು ಪ್ರಯತ್ನಗಳ ಮಿತಿ ಬಂದುದು ೨೦೧೯ರ ತಿದ್ದುಪಡಿಯಲ್ಲಿ. ಕೋವಿಡ್ ಕಾಲದಲ್ಲಿ ಸೇರಿದ ೨೦೨೦-೨೧ರ ತಂಡದವರಿಗೆ ಆಯೋಗವು ಈ ಒಂದು ಸಲಕ್ಕೆಂದು ಐದನೆಯ ಅವಕಾಶವನ್ನು ಕೊಟ್ಟಿತು. ಆದುದರಿಂದ ಅಧಿಕಾರಿಗಳ ಮನಸ್ಸು ಕಲ್ಲೆಂದು ಹೇಳಲಾಗದು. ಮಿತಿಯೊಂದು ಇರಲೇಬೇಕು, ಸರಿ. ಪರೀಕ್ಷೆಗೆ ಕೂಡುವ ಅರ್ಹತೆಯನ್ನು ನಿಶ್ಚಯಿಸುವವರು ಯಾರೆಂಬುದನ್ನು ಮಾತ್ರ ನೋಡಬೇಕು. ಪಾಠಗಳಿಗೆ ನೂರಕ್ಕೆ ೭೫, ಪ್ರಯೋಗಗಳಿಗೆ ನೂರಕ್ಕೆ ೮೦ ಹಾಜರಿ. ಆಂತರಿಕ ಮೌಲ್ಯಮಾಪನದಲ್ಲಿ ಪಾಠಕ್ಕೂ ಪ್ರಯೋಗಕ್ಕೂ ಬೇರೆ ಬೇರೆಯಾಗಿ ನೂರಕ್ಕೆ ೪೦, ಎರಡೂ ಸೇರಿ ೫೦. ಹಾಜರಿಯ ಪುಸ್ತಕವೂ ಆಂತರಿಕ ಅಂಕಗಳ ಪುಸ್ತಕವೂ ಇರುವುದು ವಿಭಾಗದವರ ಕೈಯಲ್ಲಿ. ಆ ವಿಭಾಗದ ಮೇಲೆಯೇ ವಿದ್ಯಾರ್ಥಿ ಎಂದಾದರೂ ದೂರು ಹೇಳಿದ್ದರೆ? ವಸತಿಗೃಹದ ಊಟವನ್ನು ಕುರಿತು ಮಾತಾಡಿದ್ದರೆ? ರಸೀದಿಯಿಲ್ಲದೆ ಕೇಳಿದ ಹಣಕ್ಕೆ ರಸೀದಿ ಬೇಡಿದ್ದರೆ?

ಇಲ್ಲಿ ಕಾನೂನು ವಿದ್ಯಾರ್ಥಿಯ ಕೈ ಬಿಡುತ್ತದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ ೧೯೮೦ರಲ್ಲಿ ಸುಪ್ರೀಂ ಕೋರ್ಟು, ಕಲಿಕೆ ಸಾಲದೆಂದು ವಿದ್ಯಾರ್ಥಿಯ ಹೆಸರನ್ನು ತೆಗೆಯುವುದು ವಿದ್ವಾಂಸರ ನಿರ್ಣಯವೇ ಹೊರತು ದಂಡನೆಯಲ್ಲ, ಅದಕ್ಕೆ ಪೂರ್ವಭಾವಿ ವಿಚಾರಣೆ ಬೇಡ ಎಂದಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಆ ತೀರ್ಪಿನ ತರ್ಕದಲ್ಲಿ ನಮಗೆ ದೋಷ ಕಾಣುವುದಿಲ್ಲ. ಅಂಗರಚನಾಶಾಸ್ತ್ರದಲ್ಲಿ ಹುಡುಗನಿಗೆ ಎಷ್ಟು ಬರುತ್ತದೆಂಬುದನ್ನು ವಕೀಲರು ಹೇಳಲಾರರು. ಪಾಠಶಾಲೆಯಲ್ಲಿ ಅಮರಕೋಶ ಕಲಿತು ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ನಾವಂತೂ ಹೇಳಲಾರೆವು. ಆದರೆ ಇದೇ ವ್ಯತ್ಯಾಸದಿಂದ ಒಂದು ಹಿತ್ತಲ ಬಾಗಿಲು ತೆರೆದುಕೊಂಡಿದೆ. ದಂಡಿಸಿದರೆ ವಿಚಾರಣೆ ಬೇಕು. ಅಂಕ ಕಡಿಮೆ ಮಾಡಿದರೆ ಬೇಡ. ಅಪ್ರಿಯನಾದ ವಿದ್ಯಾರ್ಥಿಯನ್ನು ಮುಂಬಾಗಿಲಿನಿಂದ ನೂಕಲು ಧೈರ್ಯವಿಲ್ಲದವನು ಹಿತ್ತಲಿಂದ ಕಳುಹಿಸಬಹುದು. ಎಲ್ಲ ಅಧ್ಯಾಪಕರೂ ಹೀಗೆ ಮಾಡುವರೆಂದು ಹೇಳಿದರೆ ಅದು ಮಹಾಪರಾಧವಾದೀತು. ರಾತ್ರಿಯೆಲ್ಲ ರೋಗಿಗಳನ್ನು ನೋಡಿ ಬೆಳಗ್ಗೆ ಪಾಠ ಹೇಳುವ ಗುರುಗಳನ್ನು ನಾವು ಬಲ್ಲೆವು. ಬಾಗಿಲು ತೆರೆದಿದೆಯೆಂಬುದಷ್ಟೇ ನಮ್ಮ ಮಾತು. ಅದನ್ನು ಮುಚ್ಚುವುದು ಕಷ್ಟವೂ ಅಲ್ಲ: ಹಾಜರಿಯನ್ನೂ ಆಂತರಿಕ ಅಂಕಗಳನ್ನೂ ಆಯಾ ಪರೀಕ್ಷೆಯ ಬಳಿಕ ಕೂಡಲೇ ಸೂಚನಾಫಲಕದಲ್ಲಿ ತೋರಿಸಿ, ಹಿಂದೆ ಬಿದ್ದವನಿಗೆ ಬರೆಹದಲ್ಲಿ ತಿಳಿಸಿ, ಪುನಃ ಕಲಿಸುವ ಏರ್ಪಾಡು ಮಾಡಿದ್ದರೆ, ವರ್ಷದ ಕೊನೆಯಲ್ಲಿ ಯಾರೂ ಯಾರನ್ನೂ ಸಂಶಯಿಸಬೇಕಾಗುವುದಿಲ್ಲ.

ಉತ್ತರ ಹೇಳುವುದೆಂಬುದು ಅಧಿಕಾರಕ್ಕೆ ಅವಮಾನವೆಂದು ತಿಳಿಯುವವರಿಗೆ ಹಿಂದಿನ ಒಂದು ಸಂಗತಿಯನ್ನು ನೆನಪು ಮಾಡಿಕೊಡುತ್ತೇವೆ. ೧೯೧೯ರ ಏಪ್ರಿಲಿನಲ್ಲಿ ಪಂಜಾಬಿನ ಮೇಲೆ ಸೈನಿಕ ಶಾಸನ ಹೇರಿದಾಗ ಲಾಹೋರಿನ ಅಧಿಪತ್ಯ ಕರ್ನಲ್ ಫ್ರಾಂಕ್ ಜಾನ್ಸನನ ಕೈಗೆ ಬಂದಿತು. ನಗರದ ಕಾಲೇಜುಗಳ ವಿದ್ಯಾರ್ಥಿಗಳು ದಿನಕ್ಕೆ ನಾಲ್ಕು ಸಲ ಸೈನಿಕರ ಮುಂದೆ ಹಾಜರಿ ಹೇಳತಕ್ಕದ್ದೆಂದು ಅವನು ಆಜ್ಞಾಪಿಸಿದನು. ಕಿಂಗ್ ಎಡ್ವರ್ಡ್ ವೈದ್ಯಕೀಯ ಕಾಲೇಜಿನ ಹುಡುಗರು ಆ ಉರಿಬಿಸಿಲಿನಲ್ಲಿ ದಿನಕ್ಕೆ ೧೬ ಮೈಲಿಗಳಷ್ಟು ನಡೆಯಬೇಕಾಯಿತು. ಕಾಲೇಜುಗಳ ಪ್ರಿನ್ಸಿಪಾಲರಿಂದ ದಂಡಿತರ ಪಟ್ಟಿಗಳನ್ನು ತರಿಸಿಕೊಂಡು, ದಂಡನೆ ಸಾಲದೆಂದು ಕಂಡಲ್ಲಿ ಇನ್ನೂ ಬೇಕೆಂದು ಒತ್ತಾಯಿಸಿದನು. ಆನೆ ಹೋದದ್ದೇ ದಾರಿ ಎಂಬ ಕಾಲ. ಆದಾಗ್ಯೂ ಅದೇ ವರ್ಷ ಹಂಟರ್ ಸಮಿತಿ ಕುಳಿತಾಗ ಅದೇ ಕರ್ನಲನು ಲಾಹೋರಿನಲ್ಲಿ ಬಹಿರಂಗವಾಗಿ ಕುಳಿತು, ಸರ್ ಚಿಮನಲಾಲ್ ಸೆತಲ್ವಾಡರೇ ಮೊದಲಾದ ಭಾರತೀಯ ಸದಸ್ಯರ ಪ್ರಶ್ನೆಗಳಿಗೆ ತಾನು ಮಾಡಿದುದು ಏಕೆಂದು ಉತ್ತರಿಸಬೇಕಾಯಿತು. ಅವನ ಉತ್ತರಗಳು ೧೯೨೦ರ ವರದಿಯಲ್ಲಿ ಇಂದಿಗೂ ಓದಲು ದೊರೆಯುತ್ತವೆ. ಪರರಾಜ್ಯದ ಸೈನಿಕನೇ ಉತ್ತರ ಹೇಳಿದ ದೇಶದಲ್ಲಿ, ನಮ್ಮದೇ ತೆರಿಗೆಯಿಂದಲೂ ನಮ್ಮದೇ ಶುಲ್ಕದಿಂದಲೂ ನಡೆಯುವ ಕಾಲೇಜಿನ ಮುಖ್ಯಸ್ಥರು ಉತ್ತರ ಹೇಳಲು ಹಿಂಜರಿಯತಕ್ಕ ಕಾರಣವೇನು?

ಈ ಜಿಲ್ಲೆಯಲ್ಲಿ ವೈದ್ಯಕೀಯ ವಿದ್ಯೆಯ ಆಡಳಿತವು ನಮ್ಮಿಂದ ದೂರ ಸರಿದುದೂ ನಿಜ. ಒಂದು ಕಾಲಕ್ಕೆ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು; ೧೯೯೬ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಹೆಚ್ಚಿನವುಗಳ ಸೂತ್ರ ಬೆಂಗಳೂರಿನ ಜಯನಗರದಲ್ಲಿದೆ. ನಿಯಮ ಮಾಡುವ ಆಯೋಗ ದೆಹಲಿಯಲ್ಲಿ. ಶಿವಮೊಗ್ಗದಲ್ಲಿಯೇ ಸರ್ಕಾರಿ ವೈದ್ಯಕೀಯ ಸಂಸ್ಥೆ ೨೦೦೭ರಿಂದ ಪಾಠ ನಡೆಸುತ್ತಿರುವುದು ನಮ್ಮ ಭಾಗ್ಯ. ಆದರೆ ಅಲ್ಲಿ ಓದುವವನಾಗಲಿ ದೂರದ ಖಾಸಗಿ ಕಾಲೇಜಿನಲ್ಲಿ ಓದುವವನಾಗಲಿ ಮೇಲರಿಕೆಗೆ ಹೋಗಬೇಕಾದ ದಾರಿ ಅಷ್ಟೇ ಉದ್ದ. ೨೦೨೩ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳ ದೂರು ವಿಚಾರಿಸುವ ಸಮಿತಿಯೂ, ವಿಶ್ವವಿದ್ಯಾನಿಲಯದಲ್ಲಿ ಓಂಬುಡ್ಸ್‌ಪರ್ಸನ್ ಎಂಬ ಸ್ವತಂತ್ರ ಅಧಿಕಾರಿಯೂ ಇರತಕ್ಕದ್ದೆಂದು ನಿಯಮ ಮಾಡಿದೆ. ಸಮಿತಿಗೆ ಹದಿನೈದು ಕೆಲಸದ ದಿನ, ಆ ಅಧಿಕಾರಿಗೆ ಮೂವತ್ತು ದಿನಗಳ ಗಡುವು. ಕಾಗದದ ಮೇಲೆ ಇಷ್ಟು ಸೊಗಸಾದ ಏರ್ಪಾಡಿರುವಾಗ, ಆ ಸಮಿತಿಯ ಸದಸ್ಯರ ಹೆಸರುಗಳು ಕಾಲೇಜಿನ ಬಾಗಿಲಲ್ಲಿ ಏಕೆ ಬರೆದಿರಬಾರದು?

ನಮ್ಮ ಕೋರಿಕೆ ಆರೋಗ್ಯ ವಿಶ್ವವಿದ್ಯಾನಿಲಯದವರಲ್ಲಿಯೂ ವೈದ್ಯಕೀಯ ಶಿಕ್ಷಣ ಇಲಾಖೆಯವರಲ್ಲಿಯೂ ಇದು. ಕಾರಣವನ್ನು ಬರೆಯದ ಉಚ್ಚಾಟನೆಯ ಆಜ್ಞೆಯನ್ನು ವಿಶ್ವವಿದ್ಯಾನಿಲಯವು ಅಂಗೀಕರಿಸಲೇಬಾರದು. ಆಜ್ಞೆಯಲ್ಲಿ ಇಲ್ಲದ ಕಾರಣವನ್ನು ಆಮೇಲೆ ಪ್ರಮಾಣಪತ್ರದ ಮೂಲಕ ತಂದು ಸೇರಿಸಲಾಗದೆಂದು ಮುಖ್ಯ ಚುನಾವಣಾ ಆಯುಕ್ತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೧೯೭೭ರ ಕೊನೆಯಲ್ಲಿಯೇ ಹೇಳಿದೆ. ವಿಚಾರಣಾ ಸಮಿತಿಯಲ್ಲಿ ಆ ಕಾಲೇಜಿಗೆ ಸೇರದ ಒಬ್ಬರಾದರೂ ಇರಲಿ. ಮೇಲರಿಕೆ ತೀರುವವರೆಗೆ ಹುಡುಗನ ಸ್ಥಾನವನ್ನು ಇನ್ನೊಬ್ಬನಿಗೆ ಕೊಡದಿರಲಿ, ಅವನ ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳದಿರಲಿ. ಪ್ರತಿ ವರ್ಷ ಎಷ್ಟು ವಿದ್ಯಾರ್ಥಿಗಳನ್ನು ಯಾವ ಕಾರಣಕ್ಕೆ ಹೊರಹಾಕಲಾಯಿತೆಂಬುದನ್ನು, ಹೆಸರುಗಳನ್ನು ಬಿಟ್ಟು, ಪ್ರಕಟಿಸಲಿ. ೨೦೦೮ರ ಕ್ಷೇತ್ರ ವಿಂಗಡಣೆಯಲ್ಲಿ ಹೊಸನಗರಕ್ಕೆ ತನ್ನದೇ ಶಾಸಕರಿಲ್ಲದಂತಾಯಿತು. ಸಾಗರ, ತೀರ್ಥಹಳ್ಳಿಗಳ ಶಾಸಕರು ಮೂರು ತಾಲ್ಲೂಕುಗಳ ಪರವಾಗಿಯೂ ಈ ಅಂಕಿಗಳನ್ನು ವಿಧಾನಸಭೆಯಲ್ಲಿ ಕೇಳಬಹುದು. ಪ್ರಶ್ನೆ ಕೇಳಲು ಖರ್ಚಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. ಕೇರಳ ವಿಶ್ವವಿದ್ಯಾನಿಲಯದ ಮೇಲೆ ಹೋದ ವಿದ್ಯಾರ್ಥಿಯೊಬ್ಬನು ವಿಚಾರಣೆಯ ವರದಿಯ ನಕಲನ್ನು ತನಗೆ ಕೊಡಲಿಲ್ಲವೆಂದು ೧೯೬೮ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದೂರಿಕೊಂಡಾಗ, ಬೇಕಿದ್ದರೆ ಆಗಲೇ ಕೇಳಬಹುದಾಗಿತ್ತಲ್ಲ ಎಂಬ ಉತ್ತರ ಬಂದಿತು. ಆದುದರಿಂದ ಪ್ರಿನ್ಸಿಪಾಲರ ಕೊಠಡಿಯ ಮುಂದೆ ಕೈಮುಗಿದು ನಿಂತು ಬರುವುದರಲ್ಲಿ ದಿನ ಕಳೆಯಬೇಡಿರಿ. ಕಾಗದ ಬಂದ ವಾರದೊಳಗೆ ಆಪಾದನೆಯ, ದೂರಿನ, ಸಮಿತಿಯ ವರದಿಯ ನಕಲುಗಳನ್ನು ಬರೆಹದಲ್ಲಿ ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿರಿ. ಅಂಕಗಳ ಸಂಶಯವಿದ್ದರೆ, ಪರೀಕ್ಷಾರ್ಥಿಯು ತಿದ್ದಿದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನ ಮೇರೆಗೆ ನೋಡಬಹುದೆಂದು ೨೦೧೧ರಲ್ಲಿ ತೀರ್ಮಾನವಾಗಿದೆ. ಸರ್ಕಾರಿ ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು, ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ಖಾಸಗಿ ಕಾಲೇಜಿನ ಸಂಗತಿಯನ್ನು ವಿಶ್ವವಿದ್ಯಾನಿಲಯದ ಮೂಲಕವೇ ಕೇಳಬೇಕು. ಇಂಥ ಪತ್ರವ್ಯವಹಾರದ ನಕಲನ್ನು ನಮ್ಮ ಕಚೇರಿಗೂ ಕಳುಹಿಸಿದಲ್ಲಿ, ವಿದ್ಯಾರ್ಥಿಯ ಹೆಸರನ್ನು ಮರೆಮಾಡಿ, ಕಾಲೇಜಿನವರ ಹೇಳಿಕೆಯನ್ನೂ ಕೇಳಿ ಪಡೆದು, ಎರಡನ್ನೂ ಇದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ಪ್ರಕಟಿಸುವೆವು.